ಉತಾರದಲ್ಲಿ ಯಾರ ಹೆಸರಿದೆ? ಕೃಷ್ಣಾ ತೀರದ ನೆರೆ ಮತ್ತು ಸ್ಥಳಾಂತರದ ಇತಿಹಾಸ



ಪುಷ್ಯ ಮತ್ತು ಆಶ್ಲೇಷಾ ಮಳೆಯ ದಿನಗಳಲ್ಲಿ ನಮ್ಮ ಭಾಗದ ಜನ ಆಕಾಶ ನೋಡುವುದಕ್ಕಿಂತ ಹೆಚ್ಚಾಗಿ ಮಹಾರಾಷ್ಟ್ರದ ಸುದ್ದಿ ಕೇಳುತ್ತಾರೆ. ಕೊಯ್ನಾದಲ್ಲಿ ಎಷ್ಟು ಮಳೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ನೀರು ಎಂಬುದೇ ನಮಾಜು ಮುಗಿಸಿ ಹೊರಬಂದವರ ಮೊದಲ ಮಾತು. ಮಳೆ ಸುರಿಯುವುದು ಸಹ್ಯಾದ್ರಿಯ ಮೇಲೆ. ಮುಳುಗುವುದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿಯ ಹಳ್ಳಿಗಳು. ವೇದಗಂಗಾ ದೂಧಗಂಗೆಯನ್ನು ಸೇರಿ, ದೂಧಗಂಗಾ ಕೃಷ್ಣೆಯನ್ನು ಸೇರಿ, ಯಡೂರ, ಕಲ್ಲೋಳ, ಮಾಂಜರಿ, ಇಂಗಳಿ, ಕುಡಚಿ ಎನ್ನುತ್ತ ನೀರು ಇಳಿಯುತ್ತದೆ. ಈ ನೀರು ಮನೆಯನ್ನು ಕೆಡವಿದ ಮೇಲೆ ಸರ್ಕಾರ ಜನರಿಗೆ ಏನು ಕೊಟ್ಟಿತು, ಕೊಟ್ಟದ್ದು ಯಾರ ಕೈ ಸೇರಿತು ಎಂಬ ಇತಿಹಾಸವನ್ನು ಈ ತಿಂಗಳು ಸ್ವಲ್ಪ ನೋಡೋಣ.

ಹಳೆಯ ಕಾಲದಿಂದ ಆರಂಭಿಸಬೇಕಾದರೆ ಒಂದು ಶಬ್ದ ಸಾಕು: ತಗಾವಿ. ಅರಬಿಯಲ್ಲಿ ಬಲ ತುಂಬುವುದು ಎಂಬ ಅರ್ಥದ ಮೂಲದಿಂದ ಬಂದ ಶಬ್ದವಿದು. ಬರ, ನೆರೆ, ದನಗಳ ಸಾವಿನ ನಂತರ ರೈತ ಮತ್ತೆ ಬಿತ್ತಲೆಂದು ಬಾದಶಾಹಿ ಕಾಲದಿಂದಲೂ ಕೊಡುತ್ತಿದ್ದ ಮುಂಗಡ. ಬ್ರಿಟಿಷರು ಇದನ್ನೇ 1883 ಮತ್ತು 1884ರ ಎರಡು ಕಾಯ್ದೆಗಳಲ್ಲಿ ಕಟ್ಟಿಟ್ಟರು. ಆದರೆ ತಗಾವಿ ದಾನವಲ್ಲ, ಸಾಲ. ಅದೂ ಜಮೀನಿದ್ದವನಿಗೆ. ಕೂಲಿಯವನ ಗುಡಿಸಲು ಕೊಚ್ಚಿಹೋದರೆ ಅದಕ್ಕೆ ಆ ಕಾಯ್ದೆಗಳಲ್ಲಿ ಜಾಗವಿರಲಿಲ್ಲ. ತಹಶೀಲ್ದಾರ ಎಂಬ ಹುದ್ದೆಯ ಹೆಸರೇ ವಸೂಲಿ ಮಾಡುವವನು ಎಂದು. ಅದೇ ಕಚೇರಿ ಇಂದು ಪರಿಹಾರ ಹಂಚುತ್ತದೆ. ಆದರೂ ಅದು ಜನರನ್ನು ಗುರುತಿಸುವುದು ಹಳೆಯ ರೀತಿಯಲ್ಲೇ, ದಫ್ತರದಲ್ಲಿರುವ ಹೆಸರಿನಿಂದ.

2005ರ ಮಳೆಗಾಲದಲ್ಲಿ ಸಾಂಗಲಿ, ಕೊಲ್ಹಾಪುರ ಮುಳುಗಿದಾಗ ನಮ್ಮ ತಾಲ್ಲೂಕುಗಳೂ ಮುಳುಗಿದವು. ಆಗ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ಹಾಗಾಗಿ ಹಳೆಯ ಪಟ್ಟಿಗಳಲ್ಲಿ ಊರು ಹುಡುಕುವವರು ಇದನ್ನು ನೆನಪಿಡಬೇಕು. ಅಂದಿನ ಚರ್ಚೆಯೆಲ್ಲ ಆಲಮಟ್ಟಿಯ ಹಿನ್ನೀರಿನದೇ. ಆಲಮಟ್ಟಿಯಿಂದ ನಾವು ಮುಳುಗಿದೆವು ಎಂದು ಮಹಾರಾಷ್ಟ್ರ, ಕೊಯ್ನಾದಿಂದ ಬಿಟ್ಟ ನೀರಿನಿಂದ ನಾವು ಮುಳುಗಿದೆವು ಎಂದು ಕರ್ನಾಟಕ. (2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ, ಸಾಂಗಲಿ ಕೊಲ್ಹಾಪುರದ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಜಗಳ ಮಾತ್ರ ನಿಂತಿಲ್ಲ.) ಎರಡು ರಾಜ್ಯಗಳ ಈ ವಾದದ ನಡುವೆ, ನದಿದಂಡೆಯ ಊರುಗಳನ್ನು ಎತ್ತರಕ್ಕೆ ಒಯ್ಯಬೇಕೆಂಬ ಮಾತು ಹಿಂದೆ ಬಿತ್ತು.

ಆ ಮಾತು ದೊಡ್ಡದಾಗಿ ಬಂದದ್ದು 2009ರಲ್ಲಿ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೇಂದ್ರ 1,000 ಕೋಟಿ ರೂಪಾಯಿ ಘೋಷಿಸಿತು. ಯಡಿಯೂರಪ್ಪನವರ ಸರ್ಕಾರ ‘ಆಸರೆ’ ಎಂಬ ಯೋಜನೆ ತಂದು, ಕಂಪನಿಗಳಿಂದ, ಮಠಗಳಿಂದ, ಸಂಘಸಂಸ್ಥೆಗಳಿಂದ ದೇಣಿಗೆ ಕೇಳಿ ಹೊಸ ಜಾಗದಲ್ಲಿ ಸಾಲುಮನೆ ಕಟ್ಟಿಸಿತು. ಉದ್ದೇಶ ಒಳ್ಳೆಯದಿತ್ತು. ಆದರೆ ಉತ್ತರ ಕರ್ನಾಟಕದ ಅನೇಕ ಕಡೆ ಆಸರೆ ಮನೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡೇ ನಿಂತವು, ಬಾಗಿಲು ಕಿಟಕಿ ಕಳವಾದವು, ಸುತ್ತ ಜಾಲಿ ಬೆಳೆಯಿತು. ಕಾರಣ ಗುಟ್ಟಿನದೇನಲ್ಲ. ಎಮ್ಮೆ ಕಟ್ಟಲು ಜಾಗವಿಲ್ಲ, ಕಣಕಿ ಒಟ್ಟಲು ಹಿತ್ತಲಿಲ್ಲ, ಹೊಲ ದೂರ, ನೀರಿನ ನಳ ಬಂದಿಲ್ಲ. ಮನೆ ಸಿಕ್ಕಿತು, ಊರು ಸಿಗಲಿಲ್ಲ.

ನೆರೆಯ ಮಹಾರಾಷ್ಟ್ರ ಈ ಪಾಠವನ್ನು ಮೊದಲೇ ಓದಿತ್ತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಲಾತೂರ, ಉಸ್ಮಾನಾಬಾದ ಜಿಲ್ಲೆಗಳ 52 ಊರುಗಳನ್ನು ವಿಶ್ವಬ್ಯಾಂಕಿನ ನೆರವಿನಿಂದ ಪೂರ್ತಿ ಸ್ಥಳಾಂತರಿಸಿದರು. ಅಲ್ಲಿಯೂ ಅಗಲವಾದ ರಸ್ತೆ, ನೇರ ಸಾಲುಗಳ ಪೇಟೆಯಂಥ ಊರುಗಳು ರೈತರ ಬದುಕಿಗೆ ಒಗ್ಗಲಿಲ್ಲ ಎಂಬ ದೂರು ಬಂತು. ಆ ಅನುಭವ ಕೈಗೆಟಕುವಷ್ಟು ಹತ್ತಿರವಿದ್ದರೂ ಹದಿನಾರು ವರ್ಷಗಳ ನಂತರ ನಾವು ಅದೇ ತಪ್ಪು ಮಾಡಿದೆವು.

2019ರ ಆಗಸ್ಟ್ ಮೊದಲ ವಾರವನ್ನು ಓದುಗರಿಗೆ ವರ್ಣಿಸಬೇಕಿಲ್ಲ. ಕುಡಚಿ ಸೇತುವೆ ನೀರಿನಡಿ, ಕಬ್ಬಿನ ಗದ್ದೆಗಳ ತುದಿಯೂ ಕಾಣದು, ಶಾಲೆ ಮತ್ತು ಶಾದಿಮಹಲುಗಳಲ್ಲಿ ಹಾಸಿಗೆ. ಬೆಂಗಳೂರಿನಲ್ಲಿ ಆಗ ಸಂಪುಟವೇ ಇರಲಿಲ್ಲ, ಮುಖ್ಯಮಂತ್ರಿ ಒಬ್ಬರೇ. ಆದರೂ ಘೋಷಣೆ ದೊಡ್ಡದು. ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣ 10,000. ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಮನೆ ಏಳುವವರೆಗೆ ಬಾಡಿಗೆಗೆ ತಿಂಗಳಿಗೆ 5,000. ಕೇಂದ್ರದ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ ಮಾತ್ರ. ಉಳಿದ ನಾಲ್ಕು ಲಕ್ಷ ಚಿಲ್ಲರೆ ರಾಜ್ಯವೇ ಹಾಕಿತು. ಈ ಉದಾರತೆಯನ್ನು ಒಪ್ಪಿಕೊಳ್ಳದಿದ್ದರೆ ನ್ಯಾಯವಾಗದು.

ತೊಡಕು ಹಣದಲ್ಲಿರಲಿಲ್ಲ, ಎಣಿಕೆಯಲ್ಲಿತ್ತು. ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು: ಮುಕ್ಕಾಲಿಗಿಂತ ಹೆಚ್ಚು ಹಾಳಾದದ್ದು ಎ, ಕಾಲುಭಾಗದಿಂದ ಮುಕ್ಕಾಲು ಬಿ, ಅದಕ್ಕಿಂತ ಕಡಿಮೆ ಸಿ. ಮಣ್ಣಿನ ಗೋಡೆ ನೀರಿಳಿದ ದಿನ ನಿಂತಿರುತ್ತದೆ, ಬಿಸಿಲಿಗೆ ಒಣಗಿದ ಮೇಲೆ ಕುಸಿಯುತ್ತದೆ. ಪಂಚನಾಮೆ ಮೊದಲ ವಾರವೇ ಮುಗಿದಿದ್ದರೆ ಎ ಆಗಬೇಕಾದ ಮನೆ ಸಿ ಆಗಿಬಿಡುತ್ತದೆ. ಇನ್ನೊಂದೆಡೆ ಗಟ್ಟಿ ಮನೆಗಳು ಎ ಪಟ್ಟಿ ಸೇರಿದ ದೂರುಗಳೂ ಬಂದವು. ಹಣ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಕಂತಿನಲ್ಲಿ ಬರುತ್ತಿತ್ತು: ಪಾಯದ ಫೋಟೋ ಆದರೆ ಒಂದು ಕಂತು, ಗೋಡೆಯ ಫೋಟೋ ಆದರೆ ಇನ್ನೊಂದು. ಪಾಯ ಹಾಕಲು ಕೈಯಲ್ಲಿ ಕಾಸಿಲ್ಲದವನು ಎಲ್ಲಿಂದ ಆರಂಭಿಸಬೇಕು?

ಎಲ್ಲಕ್ಕಿಂತ ದೊಡ್ಡದು ಉತಾರದ ಪ್ರಶ್ನೆ. ಮನೆ ಅಜ್ಜನ ಹೆಸರಿನಲ್ಲಿ. ಅಜ್ಜ ತೀರಿಕೊಂಡು ಮೂವತ್ತು ವರ್ಷ. ಒಳಗೆ ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಮೂರು ರೇಷನ್ ಕಾರ್ಡು. ಮನೆ ಒಂದೇ ಆದ್ದರಿಂದ ಪರಿಹಾರವೂ ಒಂದೇ. ಅದಕ್ಕೂ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಅದರಲ್ಲಿ ಮದುವೆಯಾಗಿ ಮಿರಜಕ್ಕೋ ಇಚಲಕರಂಜಿಗೋ ಹೋದ ಅಕ್ಕತಂಗಿಯರ ಸಹಿಯೂ ಸೇರುತ್ತದೆ. ಆ ಸಹಿ ಕೇಳುವ ಹೊತ್ತಿಗೆ ಅವರ ಹಕ್ಕಿನ ಪಾಲು ನೆನಪಾಗುತ್ತದೆ, ಅಲ್ಲಿಯವರೆಗೆ ಯಾರಿಗೂ ನೆನಪಿರುವುದಿಲ್ಲ. ಗಾವಠಾಣಾ ಜಾಗದಲ್ಲೋ, ಬೇರೆಯವರ ಜಾಗದಲ್ಲೋ ಎರಡು ತಲೆಮಾರಿನಿಂದ ಇರುವ ಬಡವನಿಗಂತೂ ತೋರಿಸಲು ಕಾಗದವೇ ಇಲ್ಲ. ನಮ್ಮ ಜಮಾಅತಿನ ಹಮಾಲರು, ಬೀಡಿ ಕಟ್ಟುವ ಹೆಣ್ಣುಮಕ್ಕಳು, ಕಟ್ಟಡ ಕೆಲಸದವರು ಹೆಚ್ಚಾಗಿ ಈ ಸಾಲಿಗೆ ಸೇರಿದವರು.

ಸ್ಥಳಾಂತರದ ನಕಾಶೆಯಲ್ಲಿ ಮರೆತುಹೋಗುವ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹೊಸ ಬಡಾವಣೆಯಲ್ಲಿ ಶಾಲೆ, ಅಂಗನವಾಡಿ, ಸಮುದಾಯ ಭವನಕ್ಕೆ ಜಾಗ ಗುರುತಿಸುತ್ತಾರೆ. ಖಬರಸ್ತಾನ, ರುದ್ರಭೂಮಿ ಹಳೆಯ ಊರಿನಲ್ಲೇ ಉಳಿಯುತ್ತವೆ. ಮಳೆಗಾಲದಲ್ಲಿ ಮಯ್ಯತ್ ಆದರೆ ಅದೇ ಮುಳುಗುವ ದಾರಿಯಲ್ಲಿ ಹೊತ್ತು ಹೋಗಬೇಕು. ಇದು ನಮ್ಮೊಬ್ಬರ ದೂರಲ್ಲ. ಲಿಂಗಾಯತ, ಜೈನ, ದಲಿತ ನೆರೆಹೊರೆಯವರದೂ ಹೌದು. ಜಾಗ ಅಳೆಯುವ ಹಂತದಲ್ಲೇ ಎಲ್ಲರೂ ಕೂಡಿ ಅರ್ಜಿ ಕೊಟ್ಟರೆ ಕೇಳುವವರು ಇದ್ದಾರೆ. ಬಡಾವಣೆಯಾದ ಮೇಲೆ ಕೇಳಿದರೆ ಜಾಗವೇ ಇರುವುದಿಲ್ಲ.

2021ರ ಜುಲೈನಲ್ಲಿ ನೀರು ಮತ್ತೆ ಬಂತು. 2019ರ ಮನೆಗಳ ಕಂತೇ ಇನ್ನೂ ಕೆಲವರಿಗೆ ಮುಗಿದಿರಲಿಲ್ಲ. ಆಗಲೂ ಎ ವರ್ಗಕ್ಕೆ 5 ಲಕ್ಷವನ್ನೇ ಉಳಿಸಿಕೊಂಡರು. 2022ರಲ್ಲಿ ಕೇಂದ್ರದ ಮಾನದಂಡ 1,20,000ಕ್ಕೆ ಏರಿತು. ಮುಂದೆ ಬಂದ ರಾಜ್ಯ ಸರ್ಕಾರ ಐದು ಲಕ್ಷದ ಪದ್ಧತಿ ಬಿಟ್ಟು, ಈ 1,20,000ದ ಜೊತೆಗೆ ವಸತಿ ಯೋಜನೆಯಲ್ಲಿ ಒಂದು ಮನೆ ಎಂಬ ದಾರಿ ಹಿಡಿಯಿತು. 2024ರ ಜುಲೈನಲ್ಲಿ ನದಿ ಮತ್ತೆ ಉಕ್ಕಿ ಕೆಳಮಟ್ಟದ ಸೇತುವೆಗಳು ಮುಳುಗಿದವು.

ವಸತಿ ಯೋಜನೆಯ ಮನೆಯನ್ನು ಸಾಮಾನ್ಯವಾಗಿ ಮನೆಯ ಹೆಣ್ಣಿನ ಹೆಸರಿಗೆ ಮಂಜೂರು ಮಾಡುತ್ತಾರೆ. ಅಜ್ಜನ ಉತಾರದಲ್ಲಿ ಎಂದೂ ಕಾಣದಿದ್ದ ಅಮ್ಮಿಯ ಹೆಸರು, ಅಂಥ ಕಡೆ ಹೊಸ ಜಾಗದ ಹಕ್ಕುಪತ್ರದ ಮೇಲೆ ಮೊದಲ ಬಾರಿ ಬರುತ್ತದೆ.