ಹತ್ತಿರ, ಬಳಿ... ಎಷ್ಟು ಹತ್ತಿರ?

ಮೊನ್ನೆ ಹಾಲು ತಳ ಹತ್ತಿಸಿ ಅಮ್ಮನ ಹತ್ತಿರ ಬೈಸಿಕೊಂಡಾಗ ಹೊಳೆದದ್ದು: 'ತಳ ಹತ್ತಿತು' ಅನ್ನುವ ಹತ್ತು, 'ಹತ್ತಿರ'ದ ಹತ್ತು ಎರಡೂ ಒಂದೇ! ಹಳಗನ್ನಡದಲ್ಲಿ ಅದು 'ಪತ್ತು', ಅಂದರೆ ಅಂಟಿಕೊಳ್ಳು. ಪಾಲು ಹಾಲಾದ ಹಾಗೆ ಪತ್ತು ಹತ್ತಾಯಿತು. ತಮಿಳಿನ 'ಪಟ್ರು' ಇದರ ನೆಂಟನೇ. ನಮ್ಮ ಹತ್ತಿರ ಬರೀ ಅಳತೆಯಲ್ಲ ಸ್ವಾಮೀ, ಅಂಟು.

'ಬಳಿ'ಯ ಕಥೆಯೇ ಬೇರೆ. ಹಳಗನ್ನಡದ 'ಬೞಿ'ಗೆ ದಾರಿ, ವಂಶ ಅಂತಲೂ ಅರ್ಥವಿತ್ತು. ಕರಾವಳಿಯ ಬಂಟರಲ್ಲಿ ಬಳಿ (ತುಳುವಿನಲ್ಲಿ 'ಬರಿ') ತಾಯಿಯ ಕಡೆಯಿಂದ ಬರುತ್ತದೆ. ಒಂದೇ ಬಳಿಯವರು ಮದುವೆಯಾಗುವ ಹಾಗಿಲ್ಲ.

ನನ್ನ ಗೆಳೆಯನೊಬ್ಬ ಮೆಚ್ಚಿದ ಹುಡುಗಿ ಅವನದೇ ಬಳಿಯವಳು. ಎರಡೂ ಮನೆಯವರು ಒಪ್ಪಲಿಲ್ಲ... 'ಬಸ್‌ಸ್ಟ್ಯಾಂಡ್ ಬಳಿ ಸಿಗ್ತೀನಿ' ಅಂತ ಅವನಿಗೆ ಮೆಸೇಜ್ ಮಾಡಲು ಹೋದರೆ ಈಗಲೂ ಬೆರಳು ತಡೆಯುತ್ತೆ. ಅಳಿಸಿ 'ಹತ್ತಿರ' ಅಂತ ಬರೀತೀನಿ.