ವೈಯಕ್ತಿಕ ದತ್ತಾಂಶ ಸಂರಕ್ಷಣೆ: ಜಾಲತಾಣ ಹೊಂದಿರುವ ಸಂಘ-ಸಂಸ್ಥೆಗಳಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

೧. ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವುದು ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ನಡೆಯುತ್ತಿದೆ. ಗ್ರಾಮ ಒನ್ ಯೋಜನೆಯು ೨೦೨೦ರಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡದ್ದೂ ಇದೇ ಜಿಲ್ಲೆಯಲ್ಲಿ. ಇದರೊಂದಿಗೆ ಅಡಿಕೆ ಬೆಳೆಗಾರರ ಸಹಕಾರ ಸಂಘಗಳು, ಖಾಸಗಿ ಶಾಲಾ ಕಾಲೇಜುಗಳು, ನರ್ಸಿಂಗ್ ಹೋಂಗಳು, ಬೀಜ-ಗೊಬ್ಬರದ ಮಳಿಗೆಗಳು ಮುಂತಾದವು ಸ್ವಂತ ಜಾಲತಾಣ ತೆರೆದಾಗ, ಸಾರ್ವಜನಿಕರ ಹೆಸರು, ಮೊಬೈಲ್ ಸಂಖ್ಯೆ, ಆಧಾರ್ ಸಂಖ್ಯೆ ಹಾಗೂ ಬ್ಯಾಂಕ್ ಖಾತೆಯ ವಿವರಗಳು ಅವುಗಳ ವಶಕ್ಕೆ ಬರುತ್ತವೆ. ಇಂತಹ ವಿವರಗಳು ಒಮ್ಮೆ ಬಹಿರಂಗಗೊಂಡು ವಂಚಕರ ಕೈಸೇರಿದರೆ, ರೈತನೊಬ್ಬನ ವರ್ಷದ ಫಸಲಿನ ಹಣವೇ ಅಪಾಯಕ್ಕೆ ಸಿಲುಕಬಹುದು. ಆದುದರಿಂದ ಜಾಲತಾಣದ ಮಾಲೀಕರು ಪಾಲಿಸಬೇಕಾದ ಕ್ರಮಗಳನ್ನೂ ಅರ್ಜಿದಾರರಿಗಿರುವ ಹಕ್ಕುಗಳನ್ನೂ ಇಲ್ಲಿ ನೀಡಲಾಗಿದೆ.

೨. ಕಾನೂನಿನ ಹಿನ್ನೆಲೆ

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಸಲ್ಲಿಸಿದ ಅರ್ಜಿಯ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪು ನೀಡಿತು. ತರುವಾಯ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ ೨೦೨೩ರ ಆಗಸ್ಟ್ ೧೧ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇದರ ನಿಯಮಗಳನ್ನು ೨೦೨೫ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಮಾಲೀಕರ ಮುಖ್ಯ ಹೊಣೆಗಾರಿಕೆಗಳು ಅಧಿಸೂಚನೆಯಿಂದ ಹದಿನೆಂಟು ತಿಂಗಳ ನಂತರ, ಅಂದರೆ ೨೦೨೭ರ ಮೇ ತಿಂಗಳಲ್ಲಿ, ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, ೨೦೦೦ರ ೪೩ಎ ಪ್ರಕರಣ ಹಾಗೂ ಅದರಡಿ ೨೦೧೧ರಲ್ಲಿ ರಚಿಸಿದ ನಿಯಮಗಳು ಅನ್ವಯಿಸುತ್ತವೆ. ಇವುಗಳ ವ್ಯಾಪ್ತಿಗೆ ಬರುವ ಸಂಸ್ಥೆಗಳು ತಮ್ಮ ಖಾಸಗಿತನ ನೀತಿಯನ್ನೂ ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಜಾಲತಾಣದಲ್ಲಿ ಪ್ರಕಟಿಸತಕ್ಕದ್ದು.

೩. ಯಾರಿಗೆ ಅನ್ವಯ

ಗಣಕಯಂತ್ರದಲ್ಲಿ ಸಂಗ್ರಹಿಸಿದ ಮಾಹಿತಿಗೂ, ಕಾಗದದಲ್ಲಿ ಪಡೆದು ನಂತರ ಗಣಕೀಕರಿಸಿದ ಮಾಹಿತಿಗೂ ೨೦೨೩ರ ಅಧಿನಿಯಮವು ಅನ್ವಯಿಸುತ್ತದೆ. ಸಂಸ್ಥೆ ಚಿಕ್ಕದೆಂಬ ಕಾರಣಕ್ಕೆ ತಾನಾಗಿಯೇ ವಿನಾಯಿತಿ ದೊರೆಯುವುದಿಲ್ಲ. ಕೇವಲ ವೈಯಕ್ತಿಕ ಅಥವಾ ಮನೆಬಳಕೆಗಾಗಿ ಇಟ್ಟುಕೊಂಡ ಮಾಹಿತಿಗೂ, ಕಾನೂನಿನ ಅನ್ವಯ ಪ್ರಕಟಿಸಲೇಬೇಕಾದ ಮಾಹಿತಿಗೂ ಇದು ಅನ್ವಯಿಸುವುದಿಲ್ಲ. ಜಾಲತಾಣವನ್ನು ಬೇರೊಬ್ಬರು ರೂಪಿಸಿ ನಿರ್ವಹಿಸುತ್ತಿದ್ದರೂ ಕಾನೂನಿನ ಹೊಣೆ ಮಾಲೀಕರದ್ದೇ ಆಗಿರುತ್ತದೆ. ನಿರ್ವಹಣೆ ವಹಿಸಿಕೊಂಡವರೊಂದಿಗೆ ಲಿಖಿತ ಕರಾರು ಮಾಡಿಕೊಳ್ಳುವುದು ಸೂಕ್ತ.

೪. ಮಾಲೀಕರು ಕೈಗೊಳ್ಳಬೇಕಾದ ಕ್ರಮಗಳು

ಅ) ಯಾವ ಯಾವ ಮಾಹಿತಿ ಪಡೆಯಲಾಗುತ್ತಿದೆ, ಅದು ಎಲ್ಲಿದೆ, ಯಾರು ನೋಡಬಲ್ಲರು ಎಂಬುದನ್ನು ಮೊದಲು ಪಟ್ಟಿ ಮಾಡುವುದು. ಉದ್ದೇಶಕ್ಕೆ ಅಗತ್ಯವಿಲ್ಲದ ಅಂಕಣಗಳನ್ನು ಅರ್ಜಿ ನಮೂನೆಯಿಂದ ತೆಗೆಯುವುದು. ಅಡಿಕೆ ಧಾರಣೆಯ ಸಂದೇಶ ಕಳುಹಿಸಲು ಮೊಬೈಲ್ ಸಂಖ್ಯೆ ಸಾಕು. ಆಧಾರ್ ಪ್ರತಿ ಬೇಕಿಲ್ಲ.

ಆ) ಸಮ್ಮತಿ ಕೇಳುವ ಮುನ್ನ ಸರಳ ಭಾಷೆಯಲ್ಲಿ ತಿಳಿವಳಿಕೆ ನೀಡುವುದು. ಇದನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರತಕ್ಕದ್ದು, ಕನ್ನಡವೂ ಅವುಗಳಲ್ಲೊಂದು.

ಇ) ಸಮ್ಮತಿಯ ಗುರುತನ್ನು ಮೊದಲೇ ಹಾಕಿಡದೆ ಅರ್ಜಿದಾರರೇ ಹಾಕುವಂತಿರಬೇಕು. ಸಮ್ಮತಿ ನೀಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರತಕ್ಕದ್ದು. ವಿವಾದ ಉಂಟಾದಲ್ಲಿ ಸಮ್ಮತಿ ಪಡೆದಿರುವುದನ್ನು ಮಾಲೀಕರೇ ರುಜುವಾತುಪಡಿಸಬೇಕಾಗುತ್ತದೆ.

ಈ) ಗುಪ್ತಪದಗಳನ್ನು ಹಲವರು ಹಂಚಿಕೊಳ್ಳದಿರುವುದು, ಕೆಲಸ ಬಿಟ್ಟ ಸಿಬ್ಬಂದಿಯ ಪ್ರವೇಶವನ್ನು ಕೂಡಲೇ ರದ್ದುಪಡಿಸುವುದು, ಮಾಹಿತಿಯ ಬದಲಿ ಪ್ರತಿ ಇಡುವುದು ಹಾಗೂ ಮಾಹಿತಿ ನೋಡಿದವರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಪಾಡುವುದು.

ಉ) ಉದ್ದೇಶ ಪೂರ್ಣಗೊಂಡ ಬಳಿಕ, ಬೇರೆ ಕಾನೂನಿನಡಿ ಉಳಿಸಿಕೊಳ್ಳಬೇಕಾಗಿಲ್ಲದಿದ್ದಲ್ಲಿ, ಮಾಹಿತಿಯನ್ನು ಅಳಿಸುವುದು.

ಮಾದರಿ ತಿಳಿವಳಿಕೆ: "ಅಡಿಕೆಯ ದೈನಂದಿನ ಧಾರಣೆ ತಿಳಿಸುವ ಸಲುವಾಗಿ ಮಾತ್ರ ತಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆ ಪಡೆಯಲಾಗುತ್ತಿದೆ. ಸಮ್ಮತಿಯನ್ನು ಇದೇ ಪುಟದಲ್ಲಿ ಯಾವಾಗ ಬೇಕಾದರೂ ಹಿಂಪಡೆಯಬಹುದು. ದೂರುಗಳಿದ್ದಲ್ಲಿ ಸಂಘದ ಕಾರ್ಯದರ್ಶಿಯವರನ್ನು, ತದನಂತರ ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಯನ್ನು ಸಂಪರ್ಕಿಸಬಹುದು." ಇದರೊಂದಿಗೆ ಸಂಪರ್ಕ ವಿವರ ಹಾಗೂ ಸಂಬಂಧಿತ ಕೊಂಡಿಗಳನ್ನು ಸೇರಿಸತಕ್ಕದ್ದು.

೫. ಪಟ್ಟಿಗಳ ಪ್ರಕಟಣೆ

ಫಲಾನುಭವಿಗಳ, ಸದಸ್ಯರ ಅಥವಾ ಸಾಲಗಾರರ ಪಟ್ಟಿಯನ್ನು ಇದ್ದಂತೆಯೇ ಜಾಲತಾಣಕ್ಕೆ ಏರಿಸುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಸುಮಾರು ೨೧೦ ಸರ್ಕಾರಿ ಜಾಲತಾಣಗಳಲ್ಲಿ ಆಧಾರ್ ಸಂಖ್ಯೆಗಳು ಪ್ರಕಟವಾಗಿದ್ದ ಸಂಗತಿಯನ್ನು ಆಧಾರ್ ಪ್ರಾಧಿಕಾರವೇ ೨೦೧೭ರಲ್ಲಿ ಮಾಹಿತಿ ಹಕ್ಕಿನಡಿ ತಿಳಿಸಿತ್ತು. ಆಧಾರ್ ಅಧಿನಿಯಮ, ೨೦೧೬ರ ೨೯ನೇ ಪ್ರಕರಣದ ಅನ್ವಯ ಆಧಾರ್ ಸಂಖ್ಯೆಯನ್ನು ಹೀಗೆ ಬಹಿರಂಗವಾಗಿ ಪ್ರದರ್ಶಿಸುವಂತಿಲ್ಲ. ಈ ನಿರ್ಬಂಧ ಈಗಾಗಲೇ ಜಾರಿಯಲ್ಲಿರುವುದರಿಂದ ಹಳೆಯ ಪಟ್ಟಿಗಳನ್ನು ಇಂದೇ ಪರಿಶೀಲಿಸಿ ತೆಗೆಯುವುದು ಅವಶ್ಯ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಟ್ಟಿ ಹಾಕುವಾಗಲೂ ಇದೇ ಎಚ್ಚರಿಕೆ ವಹಿಸತಕ್ಕದ್ದು.

೬. ಮಕ್ಕಳ ಮಾಹಿತಿ

ಹದಿನೆಂಟು ವರ್ಷ ತುಂಬದವರ ಮಾಹಿತಿ ಪಡೆಯಲು ತಂದೆ ಅಥವಾ ತಾಯಿಯ, ಇಲ್ಲವೇ ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಅಗತ್ಯ. ಶಿಕ್ಷಣ ಹಾಗೂ ಆರೋಗ್ಯ ಸಂಸ್ಥೆಗಳಿಗೆ ಸೀಮಿತ ವಿನಾಯಿತಿಗಳಿವೆ. ಪ್ರಚಾರಕ್ಕಾಗಿ ವಿದ್ಯಾರ್ಥಿಗಳ ಭಾವಚಿತ್ರ ಮತ್ತು ಅಂಕಗಳನ್ನು ಪ್ರಕಟಿಸುವ ಶಾಲೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

೭. ಮಾಹಿತಿ ಸೋರಿಕೆಯಾದಲ್ಲಿ

ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು ೨೦೨೨ರ ಏಪ್ರಿಲ್ ೨೮ರ ನಿರ್ದೇಶನವಿದೆ. ಹೊಸ ನಿಯಮಗಳು ಜಾರಿಯಾದಾಗ ಬಾಧಿತರಾದ ಪ್ರತಿಯೊಬ್ಬರಿಗೂ ಮಂಡಳಿಗೂ ವಿಳಂಬವಿಲ್ಲದೆ ತಿಳಿಸಿ, ಮಂಡಳಿಗೆ ೭೨ ಗಂಟೆಗಳೊಳಗೆ ಸವಿವರ ವರದಿ ನೀಡತಕ್ಕದ್ದು.

೮. ಅರ್ಜಿದಾರರ ಹಕ್ಕುಗಳು ಮತ್ತು ದೂರು

೨೦೨೩ರ ಅಧಿನಿಯಮದ ಈ ಉಪಬಂಧಗಳು ಜಾರಿಗೆ ಬಂದ ಮೇಲೆ, ತಮ್ಮ ಮಾಹಿತಿಯ ಸಾರಾಂಶ ಕೇಳುವ, ತಪ್ಪನ್ನು ತಿದ್ದಿಸುವ, ಅಳಿಸಲು ಕೋರುವ ಹಾಗೂ ನಾಮನಿರ್ದೇಶನ ಮಾಡುವ ಹಕ್ಕು ಅರ್ಜಿದಾರರಿಗಿರುತ್ತದೆ. ಮೊದಲು ಸಂಸ್ಥೆಗೇ ದೂರು ನೀಡಬೇಕು. ಅದು ೯೦ ದಿನಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಮಂಡಳಿಗೆ ದೂರು ಸಲ್ಲಿಸಬಹುದು. ಸುಳ್ಳು ಅಥವಾ ಕ್ಷುಲ್ಲಕ ದೂರಿಗೆ ೧೦,೦೦೦ ರೂಪಾಯಿಗಳವರೆಗೆ ದಂಡವಿದೆ.

ಜೆರಾಕ್ಸ್ ಅಂಗಡಿ ಅಥವಾ ಸೈಬರ್ ಕೇಂದ್ರದಲ್ಲಿ ಅರ್ಜಿ ತುಂಬಿಸಿದವರು, ಅಲ್ಲಿನ ಗಣಕಯಂತ್ರದಲ್ಲಿ ಉಳಿದ ದಾಖಲೆಗಳ ಪ್ರತಿಗಳನ್ನು ತಮ್ಮೆದುರಿಗೇ ಅಳಿಸುವಂತೆ ಕೇಳಬೇಕು. ಸಾಧ್ಯವಿದ್ದೆಡೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಚಿದ ಆಧಾರ್ ಪ್ರತಿಯನ್ನೇ ನೀಡಬೇಕು.

೯. ದಂಡ

೨೦೨೩ರ ಅಧಿನಿಯಮದಡಿ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದಲ್ಲಿ ೨೫೦ ಕೋಟಿ ರೂಪಾಯಿಗಳವರೆಗೆ, ಸೋರಿಕೆಯನ್ನು ತಿಳಿಸದಿದ್ದಲ್ಲಿ ಅಥವಾ ಮಕ್ಕಳ ಮಾಹಿತಿಯ ಉಪಬಂಧಗಳನ್ನು ಉಲ್ಲಂಘಿಸಿದಲ್ಲಿ ೨೦೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಇವು ಗರಿಷ್ಠ ಮಿತಿಗಳು. ಲೋಪದ ತೀವ್ರತೆ, ಅವಧಿ ಹಾಗೂ ಹಾನಿ ತಗ್ಗಿಸಲು ಕೈಗೊಂಡ ಕ್ರಮಗಳನ್ನು ಪರಿಗಣಿಸಿ ಮಂಡಳಿಯು ಮೊತ್ತವನ್ನು ನಿರ್ಧರಿಸುತ್ತದೆ.