ಅಂಬಾಸಡರ್ ಕೊಟ್ಟ ಬೇರಿಂಗು

ಕಠವಾಡಾದ ಹಳೆಯ ಮೋಟಾರು ಗಾಡಿಗಳ ಸಂಗ್ರಹಾಲಯವನ್ನು ನಮ್ಮ ಸಂಘದ ಬಹುಪಾಲು ಕುಟುಂಬಗಳು ಒಮ್ಮೆಯಾದರೂ ನೋಡಿರಬೇಕು. ಊರಿನಿಂದ ಬಂದ ನೆಂಟರಿಗೆ ಸಾಬರಮತಿ ಆಶ್ರಮ, ಕಾಂಕರಿಯಾ ಕೆರೆ ತೋರಿಸಿ ಮುಗಿದ ಮೇಲೆ ಮೂರನೆಯ ದಿನ ಕರೆದೊಯ್ಯುವ ಜಾಗವದು. ಪ್ರಾಣಲಾಲ್ ಭೋಗಿಲಾಲರು ಕೂಡಿಹಾಕಿದ ನೂರಕ್ಕೂ ಹೆಚ್ಚು ಗಾಡಿಗಳು ಅಲ್ಲಿವೆ. ಅವುಗಳ ಮುಂದೆ ನಿಂತ ಮಕ್ಕಳು ಕೇಳುವ ಪ್ರಶ್ನೆ ಮಾತ್ರ ಒಂದೇ: "ಇದು ಈಗಲೂ ಓಡುತ್ತದೆಯೇ?"

ಓಡುವುದು ಬಿಡುವುದು ಹೊಳೆಯುವ ಬಣ್ಣದಲ್ಲಿಲ್ಲ. ಎಂಜಿನಿನ ಹೊಟ್ಟೆಯೊಳಗೆ ಯಾರ ಕಣ್ಣಿಗೂ ಬೀಳದೆ ಕುಳಿತಿರುವ ಬೇರಿಂಗುಗಳಲ್ಲಿದೆ. ಬೇರಿಂಗ್ ಎಂದೊಡನೆ ನಮಗೆ ಸೈಕಲ್ಲಿನ ಗುಂಡುಗಳು ನೆನಪಾಗುತ್ತವೆ. ಇದು ಹಾಗಲ್ಲ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಮಾಡುವ ಕ್ರಾಂಕ್ ಶಾಫ್ಟನ್ನು ಅಪ್ಪಿ ಹಿಡಿದಿರುವ, ಸೀಳಿದ ಬಿದಿರಿನ ಹಾಗೆ ಎರಡು ಹೋಳಾದ ಲೋಹದ ಚಿಪ್ಪು ಇದು. ಶಾಫ್ಟಿಗೂ ಚಿಪ್ಪಿಗೂ ನಡುವೆ ಇಂಚಿನ ಸಾವಿರದ ಒಂದೆರಡು ಅಂಶದಷ್ಟು ಸಂದು. ಆ ಸಂದಿನಲ್ಲಿ ಒತ್ತಡದಿಂದ ಹರಿಯುವ ಎಣ್ಣೆಯ ಪೊರೆ. ಪೊರೆ ಇರುವವರೆಗೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಚಿಪ್ಪು ಸವೆದು ಸಂದು ದೊಡ್ಡದಾದರೆ ಎಣ್ಣೆಯ ಒತ್ತಡ ಇಳಿದು, ಎಂಜಿನು ಕುಟ್ಟಾಣಿಯ ಸದ್ದು ಮಾಡತೊಡಗುತ್ತದೆ.

ಮೊದಲ ಕಾಲದ ಗಾಡಿಗಳಲ್ಲಿ ಈ ಚಿಪ್ಪನ್ನು ಕೊಂಡು ತರುವ ಹಾಗೇ ಇರಲಿಲ್ಲ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ಬೇರಿಂಗಿನಿಂದ ಹೆಸರಾದ ಬಿಳಿ ಲೋಹವನ್ನು, ಅಂದರೆ ಬಹುಪಾಲು ತವರ, ಜೊತೆಗೆ ಆಂಟಿಮನಿ ಮತ್ತು ತಾಮ್ರದ ಮಿಶ್ರಣವನ್ನು, ಕರಗಿಸಿ ಎಂಜಿನಿನೊಳಗೇ ಎರೆದು, ಆರಿದ ಮೇಲೆ ಕೈಯಿಂದ ಹೆರೆದು ಕೂಡಿಸಬೇಕಿತ್ತು. ಅಹಮದಾಬಾದಿಗೆ ಇದು ಹೊಸ ವಿದ್ಯೆಯಲ್ಲ. ರಣಛೋಡಲಾಲ್ ಛೋಟಾಲಾಲರ ಗಿರಣಿ 1861ರಲ್ಲಿ ನೂಲು ತೆಗೆದಂದಿನಿಂದ ಇಲ್ಲಿನ ಗಿರಣಿಗಳ ಶಾಫ್ಟುಗಳು ಬುಶ್ಶುಗಳ ಮೇಲೇ ತಿರುಗಿದವು. ನಾನು ದಾವಣಗೆರೆಯಿಂದ ಬಂದು ಇಲ್ಲಿನ ಒಂದು ಗಿರಣಿಯ ಎಂಜಿನಿಯರಿಂಗ್ ಖಾತೆ ಸೇರಿದಾಗ ಅಲ್ಲಿದ್ದ ಮಿಸ್ತ್ರಿ ಉಷ್ಣಮಾಪಕವನ್ನು ಮುಟ್ಟಿದವರಲ್ಲ. ಕರಗಿದ ಲೋಹದಲ್ಲಿ ಕಾಗದದ ಚೂರು ಅದ್ದುವರು. ಕಂದಾದರೆ ಹದ, ಹೊತ್ತಿಕೊಂಡರೆ ಹದ ಮೀರಿತು. ನಮ್ಮ ಅಜ್ಜಿ ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು ನೋಡುತ್ತಿದ್ದುದಕ್ಕೂ ಇದಕ್ಕೂ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಗಿರಣಿಗಳು ಮುಚ್ಚಿದಂತೆ ಆ ಕೈಗಳೂ ಚದುರಿಹೋದವು.

ಮೋಟಾರಿನ ಲೋಕದಲ್ಲಿ ಎರೆಯುವ ಕೆಲಸವನ್ನು ಹಿಂದೆ ಹಾಕಿದ್ದು ತೆಳು ಚಿಪ್ಪು. ಉಕ್ಕಿನ ತೆಳ್ಳನೆಯ ಪಟ್ಟಿಯ ಮೇಲೆ ಬೇರಿಂಗ್ ಲೋಹದ ಲೇಪ. ಹಳೆಯದನ್ನು ತೆಗೆ, ಹೊಸದನ್ನು ಇಡು, ಅಷ್ಟೆ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ತಯಾರಾಗುತ್ತಿದ್ದ ಇದರ ಹಕ್ಕನ್ನು 1930ರ ದಶಕದಲ್ಲಿ ಇಂಗ್ಲೆಂಡಿಗೆ ತಂದವರು ಟೋನಿ ವಾಂಡರ್ವೆಲ್. ಅವರು ಬೇರಿಂಗ್ ಮಾರಿ ಬಂದ ಹಣದಲ್ಲಿ ರೇಸ್ ಕಾರು ಕಟ್ಟಿದರು. ತಮ್ಮ ಹೆಸರನ್ನೂ ಥಿನ್‌ವಾಲ್ ಎಂಬ ಬೇರಿಂಗಿನ ಹೆಸರನ್ನೂ ಕೂಡಿಸಿ ಅದಕ್ಕೆ ವ್ಯಾನ್‌ವಾಲ್ ಎಂದರು. ಫಾರ್ಮುಲಾ ಒನ್‌ನಲ್ಲಿ ಕಾರು ತಯಾರಕರಿಗೆ ಕೊಡುವ ಪ್ರಶಸ್ತಿ ಆರಂಭವಾದ 1958ರಲ್ಲೇ ಅದನ್ನು ಗೆದ್ದದ್ದು ಈ ಬೇರಿಂಗ್ ವ್ಯಾಪಾರಿಯ ಗಾಡಿ!

ಇನ್ನು ನಮ್ಮ ಗುಜರಾತಿಗೆ ಬರೋಣ. ಬಿ. ಎಂ. ಬಿರ್ಲಾ ಅವರು 1942ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಆರಂಭಿಸಿದ್ದು ದ್ವಾರಕೆಯ ಬಳಿಯ ಓಖಾ ಬಂದರಿನಲ್ಲಿ. ಅಲ್ಲಿ ಜೋಡಿಸಿದ ಹಿಂದೂಸ್ಥಾನ್ 10 ಎಂಬುದು ಇಂಗ್ಲೆಂಡಿನ ಮಾರಿಸ್ 10. ಕಂಪನಿ 1948ರಲ್ಲಿ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. ಮುಂದೆ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಅಂಬಾಸಡರ್ ಬಂತು. ಮೊದಲು ಹಳೆಯ ಮಾದರಿಯ ಎಂಜಿನಿದ್ದ ಅದಕ್ಕೆ 1959ರ ಸುಮಾರಿಗೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್, 1489 ಸಿ.ಸಿ. ಎಂಜಿನು ಸಿಕ್ಕಿತು.

ಸ್ವಾರಸ್ಯವಿರುವುದು ಇಲ್ಲಿಯೇ. ಅದೇ ಕಾರ್ಪೊರೇಷನ್ನು 1955ರಲ್ಲಿ ಹೊರತಂದ ಎಂ.ಜಿ.ಎ. ಎಂಬ ಎರಡು ಸೀಟಿನ ಚೆಲುವಾದ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ 1489 ಸಿ.ಸಿ.ಯ ಬಿ-ಸೀರೀಸ್ ಎಂಜಿನೇ. ಎರಡರಲ್ಲೂ ನಾಲ್ಕು ಸಿಲಿಂಡರು, ಮೂರು ಮೇನ್ ಬೇರಿಂಗು. ಶಾಫ್ಟಿನ ಅಳತೆ ಎರಡು ಇಂಚು. ಎಂ.ಜಿ.ಎ.ಗೆ ಎರಡು ಕಾರ್ಬುರೇಟರ್ ಕೊಟ್ಟು 70 ಅಶ್ವಶಕ್ತಿಯ ಆಸುಪಾಸು ತೆಗೆದರು. ನಮ್ಮ ಅಂಬಾಸಡರ್ 50ರಲ್ಲಿ ತೃಪ್ತಿಪಟ್ಟಿತು. ಒಬ್ಬಳು ವಿಲಾಯತಿಯಲ್ಲಿ ಮೆರೆದಳು, ಇನ್ನೊಬ್ಬಳು ಹೌರಾ ಸ್ಟೇಷನ್ನಿನ ಮುಂದೆ ಟ್ಯಾಕ್ಸಿಯಾಗಿ ದುಡಿದಳು, ಅಕ್ಕತಂಗಿಯರೆಂಬುದರಲ್ಲಿ ಸಂದೇಹವಿಲ್ಲ.

ಈ ನಂಟು ಪುಸ್ತಕದ ಮಾತಲ್ಲವೆಂದು ನನಗೆ ತಿಳಿದದ್ದು ನೆರೆಯ ಗುಜರಾತಿ ಮಿತ್ರರೊಬ್ಬರಿಂದ. ತಂದೆಯವರು ಬಿಟ್ಟುಹೋದ ಎಂ.ಜಿ.ಎ. ಅವರಲ್ಲಿದೆ. 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಯಲ್ಲಿ ಹಳೆಯ ಗಾಡಿಗಳ ದೊಡ್ಡ ಮೇಳ ನಡೆಯಿತಷ್ಟೆ. ಅದನ್ನು ನೋಡಲು ಅದೇ ಗಾಡಿಯಲ್ಲಿ ಹೋಗಬೇಕೆಂಬ ಆಸೆಯಿಂದ ಹಿಂದಿನ ದೀಪಾವಳಿಯಲ್ಲೇ ಎಂಜಿನು ಚಾಲೂ ಮಾಡಿದರು. ಕುಟ್ಟಾಣಿಯ ಸದ್ದು ಕೇಳಿಸಿತು. ಇಂಗ್ಲೆಂಡಿನಿಂದ ಬೇರಿಂಗ್ ತರಿಸುವುದಾದರೆ ಬೆಲೆಯ ಮೇಲೆ ಸಾಗಣೆ, ಸಾಗಣೆಯ ಮೇಲೆ ಸುಂಕ. ಮಗ "ಮಾರಿಬಿಡಿ ಪಪ್ಪಾ" ಎಂದನಂತೆ. ಆಗ ಮುದಿ ಮೆಕ್ಯಾನಿಕ್ ಒಬ್ಬರು ನಕ್ಕು, "ಸಾಹೇಬ್, ಅಂಬಾಸಡರ್‌ನದು ತನ್ನಿ" ಎಂದರು.

ಹಾಗೆಂದು ತಂದು ತುರುಕುವ ಕೆಲಸವಲ್ಲ ಅದು. ಶಾಫ್ಟನ್ನು ಬಿಚ್ಚಿ ಮೈಕ್ರೋಮೀಟರಿನಿಂದ ಅಳೆಯಬೇಕು. ಸವೆತ ಓರೆಕೋರೆಯಾಗಿದ್ದರೆ ಹತ್ತು, ಇಪ್ಪತ್ತು ಅಥವಾ ಮೂವತ್ತು ಥೌ, ಅಂದರೆ ಸಾವಿರಾಂಶ ಇಂಚು, ಗ್ರೈಂಡ್ ಮಾಡಿಸಿ ಅಷ್ಟೇ ಕಿರಿದಾದ ಬೇರಿಂಗನ್ನು ಹುಡುಕಬೇಕು. ಚಿಪ್ಪಿನ ಎಣ್ಣೆಯ ತೂತೂ ಕೂರುವ ಮೂಗೂ ಹಳೆಯದಕ್ಕೆ ತಾಳೆಯಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಲೇಪದ ಲೋಹ ಯಾವುದೆಂದು ಕೇಳಬೇಕು. ಮೆತ್ತನೆಯ ಬಿಳಿ ಲೋಹ ಟ್ಯಾಕ್ಸಿಯ ನಡಿಗೆಗೆ ಸಾಕು. ವೇಗದ ಗಾಡಿಯ ಹೊಡೆತ ತಡೆಯಲು ತಾಮ್ರ-ಸೀಸದ ಲೇಪ ಮೇಲು. ಹೆಸರಿಲ್ಲದ ಅಗ್ಗದ ಮಾಲನ್ನು ಹಾಕಿ ಶಾಫ್ಟನ್ನೇ ಕೆಡಿಸಿಕೊಂಡವರಿದ್ದಾರೆ. ಬೇರಿಂಗ್ ಅಗ್ಗ, ಶಾಫ್ಟ್ ಅಗ್ಗವಲ್ಲ.

ಇಂಥ ಬಿಡಿಭಾಗ ಈ ದೇಶದಲ್ಲೇ ಸಿಗುವಂತಾದದ್ದು ಆಮದಿನ ನಿರ್ಬಂಧದ ದಿನಗಳಲ್ಲಿ. ಕೊಯಮತ್ತೂರಿನ ಬೈಮೆಟಲ್ ಬೇರಿಂಗ್ಸ್ ಹುಟ್ಟಿದ್ದು 1961ರಲ್ಲಿ. ಡೀಸೆಲ್ ಪಂಪಿನ ಎಂಜಿನುಗಳಿಗೆ ಹೆಸರಾದ ನಮ್ಮ ರಾಜಕೋಟೆಯಲ್ಲೂ ಬೇರಿಂಗು, ಬುಶ್ಶುಗಳ ಕಾರ್ಖಾನೆಗಳು ಬೆಳೆದವು. ಆ ನಿರ್ಬಂಧಗಳನ್ನು ನಾವೆಲ್ಲ ಸಾಕಷ್ಟು ಬೈದಿದ್ದೇವೆ, ಒಂದು ಸ್ಕೂಟರಿಗೆ ವರ್ಷಗಟ್ಟಲೆ ಕಾದಿದ್ದೇವೆ. ಆದರೂ ಒಂದೇ ಎಂಜಿನು ದಶಕಗಳ ಕಾಲ ಬದಲಾಗದೆ ಉಳಿದದ್ದರಿಂದಲೇ ಅದರ ಬೇರಿಂಗು ಸಣ್ಣ ಊರುಗಳ ಅಂಗಡಿಗಳಲ್ಲೂ ಸಿಕ್ಕಿತೆಂಬುದನ್ನು ಒಪ್ಪಬೇಕು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಹೆಗ್ಗಡೆಯವರ ಗಾಡಿಗಳನ್ನಿಟ್ಟಿರುವ 'ಪಯಣ' ಸಂಗ್ರಹಾಲಯ ನೋಡುವಾಗ ನನ್ನ ತಲೆಯಲ್ಲಿದ್ದದ್ದು ಇದೇ ಲೆಕ್ಕ: ಇಲ್ಲಿ ಯಾವುದಕ್ಕೆ ಬಂಧುಬಳಗ ಉಂಟು, ಯಾವುದು ಅನಾಥ?

ಅಂಬಾಸಡರ್‌ನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದಕ್ಕೂ ಮೊದಲೇ, 1990ರ ದಶಕದಿಂದ ಇಸುಜು ಎಂಜಿನುಗಳು ಬಂದು ಬಿ-ಸೀರೀಸ್ ಹಿಂದೆ ಸರಿದಿತ್ತು. ಅಂಗಡಿಗಳ ಅಟ್ಟದಲ್ಲಿ ಉಳಿದದ್ದೇ ಈಗಿನ ಆಸ್ತಿ.

ಮಿತ್ರರ ಶಾಫ್ಟಿನ ಗ್ರೈಂಡಿಂಗ್ ತಡವಾಗಿ ಮೇಳ ತಪ್ಪಿತು. ಫೆಬ್ರುವರಿಯಲ್ಲಿ ಒಂದು ಬೆಳಗ್ಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಡೋದರಾದವರೆಗೆ ಹೋಗಿ ಬಂದರು. ಎಣ್ಣೆಯ ಮುಳ್ಳು ಅಲುಗಲಿಲ್ಲ. ಬೇರಿಂಗಿನ ಇನ್ನೆರಡು ಸೆಟ್ಟು ಕೊಂಡು, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಚಕ್ಕುಲಿಯ ಡಬ್ಬಿಯಲ್ಲಿ ಇಟ್ಟಿದ್ದಾರೆ. ಡಬ್ಬಿ ನಮ್ಮ ಮನೆಯದು. ಇನ್ನೂ ಹಿಂದಿರುಗಿ ಬಂದಿಲ್ಲ.